ತುಂಗೆಯ ದಾರಿಯಲ್ಲಿ ಏರಿ, ಭದ್ರೆಯ ದಾರಿಯಲ್ಲಿ ಇಳಿದು: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಸೀಮೆಯಿಂದ ಕುದುರೆಮುಖಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಶಿಖರವೊಂದನ್ನೇ ಗುರಿಯಾಗಿಟ್ಟುಕೊಂಡು ಶನಿವಾರ ರಾತ್ರಿ ಗಾಡಿ ಹತ್ತುತ್ತಾರೆ, ಭಾನುವಾರ ಗುಂಪಿನ ನಡುವೆ ಹತ್ತಿ ಇಳಿಯುತ್ತಾರೆ, ಸೋಮವಾರ ಕುಂಟುತ್ತ ಕೆಲಸಕ್ಕೆ ಹಾಜರಾಗುತ್ತಾರೆ. ಈ ಬೆಟ್ಟಸಾಲನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮವೊಂದಿದೆ. ತುಂಗೆಯ ಜೊತೆಗೆ ತೀರ್ಥಹಳ್ಳಿ, ಶೃಂಗೇರಿಗಳನ್ನು ದಾಟಿ ಮೇಲೇರುವುದು, ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವ ಗುಡ್ಡಗಳಲ್ಲಿ ಎರಡು ದಿನ ನಡೆಯುವುದು, ಆಮೇಲೆ ಭದ್ರೆಯ ಜೊತೆಗೆ ಕಳಸ, ಬಾಳೆಹೊನ್ನೂರು, ನರಸಿಂಹರಾಜಪುರಗಳ ಮೂಲಕ ಇಳಿದು ಬರುವುದು. ಇದಕ್ಕೆ ನಾಲ್ಕು ದಿನ ಬೇಕು. ಮೂರೇ ದಿನ ಸಿಗುವುದಾದರೆ ಚಾರಣಗಳಲ್ಲಿ ಒಂದನ್ನು ಬಿಡಬಹುದೇ ಹೊರತು ದಾರಿಯ ಈ ಕ್ರಮವನ್ನು ಬದಲಿಸಬೇಕಾಗಿಲ್ಲ.

ಮೊದಲು ನೆಲದ ಪರಿಚಯ

ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು ಬಹುಪಾಲು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೂ ಚಾಚಿಕೊಂಡಿದೆ. 2012ರಲ್ಲಿ ಪಶ್ಚಿಮಘಟ್ಟವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಅದರಲ್ಲಿ ಗುರುತಿಸಲಾದ 39 ತಾಣಗಳಲ್ಲಿ ಇದೂ ಒಂದಾಗಿತ್ತು.

ಹಿಮಾಲಯದ ಸರೋವರಗಳ ಚಿತ್ರ ನೋಡಿ ಇಲ್ಲಿಗೆ ಬರುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಬೆಟ್ಟಗಳ ನೆತ್ತಿಯಲ್ಲಿ ದೊಡ್ಡ ಸಹಜ ಸರೋವರಗಳಿಲ್ಲ. ಹಿಮನದಿ ಕೊರೆದ ತಗ್ಗುಗಳಾಗಲಿ, ನೀರು ನಿಲ್ಲುವ ಬೋಗುಣಿಗಳಾಗಲಿ ಇಲ್ಲಿಲ್ಲದ ಕಾರಣ, ಬಿದ್ದ ಮಳೆಯಲ್ಲಿ ಒಂದು ಪಾಲು ಕೂಡಲೇ ಹಳ್ಳ ಸೇರುತ್ತದೆ, ಇನ್ನೊಂದು ಪಾಲನ್ನು ಗುಡ್ಡದ ಹುಲ್ಲುಗಾವಲೂ ಅದರ ಮಡಿಕೆಗಳಲ್ಲಿ ಅಡಗಿರುವ ಶೋಲ ಕಾಡೂ ಹೀರಿಕೊಂಡು, ಮಳೆ ನಿಂತು ತಿಂಗಳುಗಳು ಕಳೆದ ಮೇಲೂ ಸಣ್ಣ ಝರಿಗಳಾಗಿ ಹೊರಗೆ ಬಿಡುತ್ತವೆ. ಆದ್ದರಿಂದ ಮೇಲೆ ನಡೆಯುವಾಗ ನೋಡಬೇಕಾದದ್ದು ಹುಲ್ಲು ಮತ್ತು ಕಾಡು ಕೂಡುವ ಅಂಚುಗಳನ್ನು. ನೀರು ಸಿಗುವುದೂ ಹಕ್ಕಿಗಳು ಕಾಣುವುದೂ ಅಲ್ಲೇ. ಅಗಲವಾದ ನೀರಿನ ಹರಹು ಬೇಕೆನ್ನುವವರಿಗೆ ಮನುಷ್ಯರು ಕಟ್ಟಿದ ಜಲಾಶಯಗಳಿವೆ: ಬೆಟ್ಟದ ಮೇಲೆ ಲಕ್ಯಾ, ಕೆಳಗೆ ಲಕ್ಕವಳ್ಳಿಯ ಭದ್ರಾ, ಹೋಗುವ ದಾರಿಯಲ್ಲಿ ಗಾಜನೂರಿನ ತುಂಗಾ.

ಮೊದಲ ಹಂತ: ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗಿನ ಕಾಲ ಅತ್ಯುತ್ತಮ. ಮುಂಗಾರಿನ ಅಬ್ಬರ ಇಳಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಏಳುವುದು ಸಾಮಾನ್ಯವಾದ್ದರಿಂದ, ಆ ತಿಂಗಳಲ್ಲಿ ಹೋಗುವವರು ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬೆನ್ನಿನಿಂದ ಕೆಳಗಿಳಿಯಲು ಆರಂಭಿಸಿರಬೇಕು. ಬೋಳು ಹುಲ್ಲುಗಾವಲಿನ ಮೇಲೆ ನಿಂತ ಮನುಷ್ಯನೇ ಸುತ್ತಲಿನಲ್ಲಿ ಎತ್ತರದ ವಸ್ತುವಾಗಿರುತ್ತಾನೆ ಎಂಬುದನ್ನು ಮರೆಯಬಾರದು.

ಜೂನ್‌ನಿಂದ ಆಗಸ್ಟ್‌ವರೆಗೆ ಬರಬೇಕೆಂಬ ಆಸೆ ಹಲವರಿಗಿದೆ, ಮೊಬೈಲಿನಲ್ಲಿ ಹರಿದಾಡುವ ಹಸಿರು ವಿಡಿಯೋಗಳೇ ಅದಕ್ಕೆ ಕಾರಣ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಬೀಳುವುದು ಈ ತಿಂಗಳುಗಳಲ್ಲೇ. ಮಳೆ ವಿಪರೀತವಾದಾಗ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ನಿಲ್ಲಿಸದಿದ್ದರೂ ಮೇಲೆ ಹೋದವರಿಗೆ ಕಾಣುವುದು ಹತ್ತು ಮಾರು ದೂರದ ಮಂಜು ಮಾತ್ರ. ಮಳೆಯನ್ನೇ ಅನುಭವಿಸಬೇಕು ಎನ್ನುವವರು ಶೃಂಗೇರಿಯಲ್ಲೋ ಕಳಸದಲ್ಲೋ ಉಳಿದುಕೊಂಡು ರಸ್ತೆಬದಿಯ ಅಬ್ಬಿಗಳನ್ನು (ಜಲಪಾತಗಳನ್ನು) ನೋಡುವುದು ಮೇಲು. ಇನ್ನು ಫೆಬ್ರವರಿಯಿಂದ ಬೇಸಿಗೆ ಮುಗಿಯುವವರೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವ ಕಾರಣ ದಾರಿಗಳನ್ನು ಸಾಮಾನ್ಯವಾಗಿ ಮುಚ್ಚಲಾಗುತ್ತದೆ.

ಎರಡನೇ ಹಂತ: ಅನುಮತಿ

2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಷ್ಟು ಜನ ಸೇರಿದ ನಂತರ ರಾಜ್ಯದ ಚಾರಣ ವ್ಯವಸ್ಥೆಯೇ ಬದಲಾಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಪಡೆಯಬೇಕು. ಪ್ರತಿ ದಾರಿಗೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ವಾರಾಂತ್ಯದ ಟಿಕೆಟುಗಳು ಬೇಗ ಮುಗಿದುಹೋಗುತ್ತವೆ. ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಕ್ಷೇಮ: ಮೊದಲು ಟಿಕೆಟ್ ಖಚಿತಪಡಿಸಿಕೊಳ್ಳಿ, ನಂತರ ವಸತಿ ಗೊತ್ತುಮಾಡಿ, ಕೊನೆಗೆ ವಾಹನ. ಇದನ್ನು ತಿರುಗುಮುರುಗು ಮಾಡಿದವರು ಹೋಂಸ್ಟೇಗೆ ಮುಂಗಡ ಕೊಟ್ಟು, ಟಿಕೆಟ್ ಸಿಗದೆ, ಮಾಲೀಕರ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾರೆ.

ಟಿಕೆಟಿನಲ್ಲಿ ಹೆಸರಿರುವ ಪ್ರತಿಯೊಬ್ಬರ ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಬೇಕು. ಟಿಕೆಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಪಾಸಣೆ ನಡೆಯುವ ಜಾಗದಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆಂಬ ಭರವಸೆಯಿಲ್ಲ. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹತ್ತುವಂತಿಲ್ಲ, ಶಿಖರದಲ್ಲಿ ಡೇರೆ ಹಾಕಿ ತಂಗುವಂತಿಲ್ಲ. ರಾತ್ರಿ ಕ್ಯಾಂಪಿಂಗ್ ಮಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ವ್ಯವಹಾರದಿಂದ ದೂರವಿರಿ.

ಮೂರನೇ ಹಂತ: ಕಾಲನ್ನು ಹದಗೊಳಿಸುವುದು

ಕುದುರೆಮುಖ ಶಿಖರದ ದಾರಿ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಬಂಡೆ ಹತ್ತುವ ಚಾತುರ್ಯವೇನೂ ಬೇಕಿಲ್ಲ, ಆದರೆ ಏಳೆಂಟು ಗಂಟೆ ನಡೆಯುವ ಕಸುವು ಬೇಕು. ಹೊರಡುವುದಕ್ಕೆ ಒಂದು ತಿಂಗಳು ಮೊದಲಿನಿಂದ ದಿನವೂ ಒಂದು ಗಂಟೆ ಬಿರುಸಾಗಿ ನಡೆಯಿರಿ, ವಾರಕ್ಕೆರಡು ಸಲ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬೆಟ್ಟದಲ್ಲಿ ಉಸಿರು ಕಟ್ಟುವುದು ಏರುವಾಗಲಾದರೂ ಮಂಡಿ ಸೋಲುವುದು ಇಳಿಯುವಾಗ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇದಕ್ಕೆ ಒಳ್ಳೆಯ ಅಭ್ಯಾಸದ ನೆಲ. ಕೆಳದಿ ಅರಸರ ಈ ಕೋಟೆಗೆ ಕಲ್ಲು ಹಾಸಿನ ದಾರಿ, ಒಂದರ ಮೇಲೊಂದು ಬಾಗಿಲುಗಳು, ಮೇಲೆ ಕಲ್ಲುಕಟ್ಟಡದ ಕೊಳಗಳಿವೆ. ಗುಡ್ಡದ ನೆತ್ತಿಯಲ್ಲಿ ನೀರು ಹಿಡಿದಿಡುವ ವಿದ್ಯೆ ನಮ್ಮವರಿಗೆ ಹೇಗೆ ತಿಳಿದಿತ್ತು ಎಂಬುದನ್ನು ಅಲ್ಲಿ ನೋಡಬಹುದು. ಕಾಲು ಅಷ್ಟು ಗಟ್ಟಿಯಿಲ್ಲದ ಹಿರಿಯರು ಜೊತೆಗಿದ್ದರೆ ಅವರನ್ನು 826 ಮೀಟರ್ ಎತ್ತರದ ಕುಂದಾದ್ರಿಗೆ ಕರೆದುಕೊಂಡು ಹೋಗಿ. ಪಾರ್ಶ್ವನಾಥ ಬಸದಿಯ ಸಮೀಪದವರೆಗೂ ವಾಹನ ಹೋಗುತ್ತದೆ, ಬಸದಿಯ ಪಕ್ಕದಲ್ಲೇ ಬಂಡೆಯ ನಡುವಿನ ಕೊಳಗಳಿವೆ.

ನಾಲ್ಕನೇ ಹಂತ: ಚೀಲದಲ್ಲಿ ಏನಿರಬೇಕು

ಹಿಡಿತವಿರುವ ಬೂಟು ಎಲ್ಲಕ್ಕಿಂತ ಮುಖ್ಯ. ಊರಿನ ಮಾರ್ಗದರ್ಶಕರು ಸಂತೆಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಬೂಟು ಹಾಕಿಕೊಂಡೇ ಸಲೀಸಾಗಿ ನಡೆಯುತ್ತಾರೆ, ನುಣುಪಾದ ತಳದ ದುಬಾರಿ ಓಟದ ಬೂಟಿನವರು ಜಾರುತ್ತಾರೆ. ಜೀನ್ಸ್ ನೆನೆದರೆ ಭಾರ, ಬೇಗ ಒಣಗುವುದೂ ಇಲ್ಲ. ಬೆಟ್ಟದ ಬೆನ್ನಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಳೆಯಂಗಿಯನ್ನೇ ತನ್ನಿ. ಚೀಲದೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಒಳಪದರವಾಗಿ ಹಾಸಿ, ಅದರೊಳಗೆ ಒಣ ಬಟ್ಟೆ ಇಟ್ಟರೆ ಹೊರಗಿನ ಚೀಲ ತೊಯ್ದರೂ ಚಿಂತೆಯಿಲ್ಲ.

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಮತ್ತೆ ಮತ್ತೆ ತುಂಬಿಸಬಹುದಾದ ಬಾಟಲಿಯಲ್ಲಿ. ಪ್ರವೇಶದಲ್ಲಿ ಪ್ಲಾಸ್ಟಿಕ್ ತಪಾಸಣೆ ನಡೆಯುತ್ತದೆ, ಪೊಟ್ಟಣದ ಕುರುಕಲು ತಿಂಡಿ ತರಬೇಡಿ. ಉಳಿದುಕೊಂಡ ಮನೆಯಲ್ಲಿ ಬೆಳಿಗ್ಗೆಯೇ ಚಿತ್ರಾನ್ನವನ್ನೋ ಚಪಾತಿಯನ್ನೋ ಡಬ್ಬಿಗೆ ಹಾಕಿಸಿಕೊಳ್ಳಿ, ಬೆಲ್ಲ ಮತ್ತು ಶೇಂಗಾ ಜೇಬಿನಲ್ಲಿರಲಿ. ಟಾರ್ಚು, ಸಿಳ್ಳೆ, ಗಾಯಕ್ಕೆ ಪಟ್ಟಿ, ನೀವು ದಿನನಿತ್ಯ ತೆಗೆದುಕೊಳ್ಳುವ ಔಷಧಿ, ಇಷ್ಟು ಸಾಕು. ಸ್ಪೀಕರ್ ಬೇಡವೇ ಬೇಡ.

ಇಂಬಳ ಮತ್ತು ಉಣುಗು

ಮಳೆಗಾಲದಲ್ಲೂ ಅದರ ಬೆನ್ನಿಗೂ ಇಂಬಳಗಳ (ಜಿಗಣೆಗಳ) ಕಾಟ ತಪ್ಪಿದ್ದಲ್ಲ. ಹೊರಗಿನವರು ಇದನ್ನು ದೊಡ್ಡ ವಿಪತ್ತೆಂದು ತಿಳಿಯುತ್ತಾರೆ, ಆದರೆ ಇಂಬಳ ಕಚ್ಚಿದರೆ ನೋವಿಲ್ಲ, ರೋಗವೂ ಸಾಮಾನ್ಯವಾಗಿ ಬರುವುದಿಲ್ಲ. ತುರಿಕೆ ಮತ್ತು ಸ್ವಲ್ಪ ಹೊತ್ತು ನಿಲ್ಲದ ರಕ್ತ ಇಷ್ಟೇ ತೊಂದರೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಬೇವಿನೆಣ್ಣೆಯನ್ನೋ ಹೊಗೆಸೊಪ್ಪು ನೆನೆಸಿದ ನೀರನ್ನೋ ಸವರಿಕೊಳ್ಳಿ. ಕಚ್ಚಿಕೊಂಡದ್ದನ್ನು ಎಳೆದು ಕೀಳುವ ಬದಲು ಉಗುರಿನಿಂದ ಅದರ ಬಾಯಿಯ ಬಳಿ ಸರಿಸಿ ಬಿಡಿಸಿ. ಉಪ್ಪು, ಸುಣ್ಣವನ್ನು ಬಟ್ಟೆಯ ಗಂಟಿನಲ್ಲಿ ಕೋಲಿಗೆ ಕಟ್ಟಿಕೊಂಡು ಬೂಟಿಗೆ ಮುಟ್ಟಿಸುವುದು ತೋಟದ ಕೆಲಸದವರ ಹಳೆಯ ಉಪಾಯ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ಉಣುಗಿನ (ಉಣ್ಣೆಯ) ಬಗ್ಗೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಕಾಡಿನ ಉಣುಗುಗಳಿಂದ ಹರಡುವ ಈ ಜ್ವರ ಮಳೆ ಮುಗಿದು ಚಳಿ ಆರಂಭವಾದಾಗಿನಿಂದ ಬೇಸಿಗೆಯ ಕೊನೆಯವರೆಗೆ ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಡಿಸೆಂಬರ್ ನಂತರ ಹೋಗುವವರು ತರಗೆಲೆಯ ಮೇಲೆ ಕೂರಬಾರದು, ಪೂರ್ಣ ತೋಳಿನ ಬಟ್ಟೆ ಧರಿಸಬೇಕು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಹಚ್ಚಿಕೊಳ್ಳಬೇಕು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮರಳಿ ಬಂದ ನಂತರದ ಎರಡು ವಾರಗಳೊಳಗೆ ಜ್ವರ, ತಲೆನೋವು, ವಿಪರೀತ ಮೈಕೈನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ವಿಷಯವನ್ನು ತಪ್ಪದೆ ಹೇಳಿ.

ಮೊದಲ ದಿನ: ತುಂಗೆಯ ಜೊತೆಗೆ

ಶಿವಮೊಗ್ಗದಿಂದ ಬೆಳಿಗ್ಗೆ ಬೇಗ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೆ ಗಾಜನೂರಿನ ಅಣೆಕಟ್ಟು, ಅದರ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತವೆ. ಮುಂದೆ ಮಂಡಗದ್ದೆಯಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಸೆಪ್ಟೆಂಬರಿನಲ್ಲಿ ಹೋಗುವವರು ಅರ್ಧ ಗಂಟೆ ನಿಲ್ಲಬಹುದು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಯಿಂದಲೂ ಆಗುಂಬೆಯ ಕಡೆಯಿಂದಲೂ ಶೃಂಗೇರಿಗೆ ದಾರಿಯಿದೆ. ಶೃಂಗೇರಿಯಲ್ಲಿ ಊಟ ಮುಗಿಸಿ, ವಾಹನಕ್ಕೆ ಇಂಧನ ತುಂಬಿಸಿ, ಕೈಯಲ್ಲಿ ನಗದು ಇಟ್ಟುಕೊಂಡು ಮುಂದುವರಿಯಿರಿ. ಕೆರೆಕಟ್ಟೆ ದಾಟುತ್ತಿದ್ದಂತೆ ಉದ್ಯಾನದ ದಟ್ಟ ಕಾಡು ಆರಂಭವಾಗುತ್ತದೆ.

ತಪಾಸಣಾ ಠಾಣೆಯಲ್ಲಿ ವಾಹನದ ವಿವರ ಬರೆಸಬೇಕು. ಕಾಡಿನ ನಡುವೆ ಎಲ್ಲೆಂದರಲ್ಲಿ ನಿಲ್ಲಿಸುವುದು, ಅಡುಗೆ ಮಾಡುವುದು, ಮಂಗಗಳಿಗೆ ತಿನ್ನಲು ಕೊಡುವುದು ನಿಷಿದ್ಧ. ಎಸ್.ಕೆ. (ಸೌತ್ ಕೆನರಾ) ಬಾರ್ಡರ್‌ನಿಂದ ಕುದುರೆಮುಖ ಪಟ್ಟಣದ ಕಡೆಗೆ ತಿರುಗಿದ ಮೇಲಿನ ರಸ್ತೆ ಈ ಪ್ರಯಾಣದ ಅತ್ಯಂತ ಸುಂದರ ಭಾಗ. ಕಡಾಂಬಿ ಅಬ್ಬಿ ರಸ್ತೆಗೆ ತಾಗಿಕೊಂಡೇ ಇದೆ. ಸೂತನಬ್ಬಿ ಎಂದೂ ಕರೆಯುವ ಹನುಮನಗುಂಡಿಗೆ ಮಾತ್ರ ನೂರಾರು ಮೆಟ್ಟಿಲು ಇಳಿಯಬೇಕು, ನೀರು ಜೋರಾಗಿದ್ದಾಗ ಪ್ರವೇಶ ಮುಚ್ಚಿರುತ್ತದೆ. ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲವೂ ಈ ಸಾಲಿನಲ್ಲೇ ಇದೆ; ಮೂಲದ ಜಾಗಕ್ಕೆ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಅಲ್ಲಿಂದ ಹೊರಟ ಎರಡೂ ಹೊಳೆಗಳು ಬೇರೆ ಬೇರೆ ಕಣಿವೆಗಳಲ್ಲಿ ಸುತ್ತಾಡಿ ಕೊನೆಗೆ ಶಿವಮೊಗ್ಗದ ಸಮೀಪದ ನಮ್ಮ ಕೂಡ್ಲಿಯಲ್ಲೇ ಒಂದಾಗುತ್ತವೆ.

ಎರಡನೇ ದಿನ: ಚಿಕ್ಕ ಶಿಖರ

ನೇರವಾಗಿ ದೊಡ್ಡ ಶಿಖರಕ್ಕೆ ಹೋಗುವ ಬದಲು ಕುರಿಂಜಾಲ್ ಅಥವಾ ಗಂಗಡಿಕಲ್ಲಿನಿಂದ ಆರಂಭಿಸುವುದು ನನ್ನ ಸಲಹೆ. ಕುರಿಂಜಾಲ್ ದಾರಿ ಭಗವತಿ ಪ್ರಕೃತಿ ಶಿಬಿರದ ಬಳಿಯಿಂದ ಹೊರಡುತ್ತದೆ. ಬಹುಭಾಗ ಹಳೆಯ ಜೀಪು ದಾರಿ, ನೆರಳಿರುವ ಕಾಡು, ಕೊನೆಯಲ್ಲಷ್ಟೇ ಕಡಿದಾದ ಏರು. ಮೇಲೆ ಪಾಳು ನಿಸ್ತಂತು ಕೇಂದ್ರದ ಗೋಡೆಗಳಿವೆ. ಮೊದಲ ಸಲ ಬರುವವರಿಗೆ, ಮಕ್ಕಳ ಜೊತೆ ಬರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಉದ್ಯಾನದಲ್ಲಿಲ್ಲ. ಗಂಗಡಿಕಲ್ಲು ಇದಕ್ಕಿಂತ ಎತ್ತರ, ಸುಮಾರು 1,458 ಮೀಟರ್, ದಾರಿ ಹೆಚ್ಚಾಗಿ ಬಯಲು ಹುಲ್ಲುಗಾವಲಿನಲ್ಲಿ ಸಾಗುತ್ತದೆ; ಬಿಸಿಲಿದ್ದರೆ ದಣಿವು, ಮಂಜಿದ್ದರೆ ದಾರಿ ತಪ್ಪುವ ಭಯ.

ಮುಂಜಾನೆಯ ಕಾಡಿನಲ್ಲಿ ಮಾತು ಕಡಿಮೆ ಮಾಡಿದರೆ ಮರದ ತುದಿಯಲ್ಲಿ ಕೆಂದಳಿಲು, ಅದೃಷ್ಟವಿದ್ದರೆ ಸಿಂಗಳೀಕದ ಗುಂಪು, ಮಂಗಟ್ಟೆಯ ರೆಕ್ಕೆಯ ಸದ್ದು ಸಿಗಬಹುದು. ಕಾಟಿ (ಕಾಡುಕೋಣ) ಎದುರಾದರೆ ಕೂಗಬೇಡಿ, ಓಡಬೇಡಿ, ಕರುವಿಗೂ ತಾಯಿಗೂ ನಡುವೆ ಹೋಗಬೇಡಿ. ನಿಂತು, ಅದಕ್ಕೆ ದಾರಿ ಬಿಟ್ಟು, ಅದು ಹೋದ ಮೇಲೆ ಮುಂದುವರಿಯಿರಿ. ಸಂಜೆಯ ಹೊತ್ತಿಗೆ ಸಂಸೆಯನ್ನೋ ಕಳಸವನ್ನೋ ತಲುಪಿ ವಿಶ್ರಾಂತಿ ಪಡೆಯಿರಿ.

ಮೂರನೇ ದಿನ: ಕುದುರೆಮುಖ ಶಿಖರ

ಸಂಸೆಯ ಸಮೀಪದ ಬಾಳೆಗಲ್‌ನಿಂದ ಮುಳ್ಳೋಡಿಗೆ ಕಚ್ಚಾ ರಸ್ತೆ. ಸಾಮಾನ್ಯ ಕಾರನ್ನು ಕೆಳಗೇ ಬಿಟ್ಟು ಸ್ಥಳೀಯ ಜೀಪಿನಲ್ಲಿ ಹೋಗಬೇಕು, ಇದನ್ನು ಹಿಂದಿನ ಸಂಜೆಯೇ ಗೊತ್ತುಮಾಡಿರಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಮುಖ್ಯ, ಏಕೆಂದರೆ ತಡವಾಗಿ ಬಂದವರನ್ನು ಮೇಲೆ ಬಿಡುವುದಿಲ್ಲ, ಕತ್ತಲಾಗುವುದರೊಳಗೆ ಎಲ್ಲರೂ ಕೆಳಗಿರಬೇಕು.

ಮುಳ್ಳೋಡಿಯಿಂದ ದಾರಿ ಗದ್ದೆ, ತೋಟಗಳ ಪಕ್ಕದಲ್ಲಿ ಸಾಗಿ, ಹಳ್ಳಗಳನ್ನು ದಾಟಿ, ಕಾಡು ಮತ್ತು ಹುಲ್ಲನ್ನು ಒಂದಾದ ಮೇಲೊಂದರಂತೆ ಹಾದುಹೋಗುತ್ತದೆ. ಒಂಟಿಮರ ಎಂದು ಎಲ್ಲರೂ ಕರೆಯುವ ಜಾಗ ಮೊದಲ ಒಳ್ಳೆಯ ತಂಗು. ಅಲ್ಲಿಗೆ ಬರುವಷ್ಟರಲ್ಲೇ ತೀರಾ ದಣಿದಿದ್ದರೆ ಹಿಂದಿರುಗುವ ನಿರ್ಧಾರವನ್ನು ಅಲ್ಲೇ ಮಾಡಿ, ಏಕೆಂದರೆ ಅದರ ನಂತರ ಏರು ಉದ್ದವಾಗುತ್ತ ಹೋಗುತ್ತದೆ ಮತ್ತು ಹತ್ತಿರವೆಂದು ಕಾಣುವ ಪ್ರತಿ ಗುಡ್ಡದ ಹಿಂದೆ ಇನ್ನೊಂದು ಗುಡ್ಡವಿರುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಅವರ ನಡಿಗೆಯೇ ಎಲ್ಲರ ನಡಿಗೆಯಾಗಲಿ. ಗಂಟೆಗೊಮ್ಮೆ ಐದು ನಿಮಿಷ ನಿಂತರೆ ಸಾಕು; ಹೆಚ್ಚು ಹೊತ್ತು ಕೂತರೆ ಕಾಲು ತಣ್ಣಗಾಗಿ ಮತ್ತೆ ಏಳುವುದು ಕಷ್ಟ.

ಬೆನ್ನಿನ ಮೇಲೆ ಮಂಜು ಮುಸುಕಿದಾಗ ಹುಲ್ಲಿನ ನಡುವಿನ ಕಾಲುದಾರಿಗೂ ದನ, ಕಾಟಿಗಳು ಮಾಡಿದ ದಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಗ ಮಾರ್ಗದರ್ಶಕರ ಕಣ್ಣಳತೆ ಬಿಟ್ಟು ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಅಂಚಿನ ಹುಲ್ಲು ಗಟ್ಟಿ ನೆಲದಂತೆ ಕಂಡರೂ ಕೆಳಗೆ ಟೊಳ್ಳಾಗಿರಬಹುದು, ಫೋಟೋಕ್ಕಾಗಿ ಅಂಚಿಗೆ ಹೋಗುವುದು ಬೇಡ. ಶಿಖರದ ಹತ್ತಿರ ಪಾಳುಬಿದ್ದ ಕಲ್ಲುಕಟ್ಟಡವೊಂದಿದೆ, ಅದರ ಸಮೀಪದ ಝರಿಯಲ್ಲಿ ನೀರು ತುಂಬಿಸಿಕೊಂಡು, ಶೋಧಿಸಿ ಕುಡಿಯಿರಿ. ಸುಮಾರು 1,894 ಮೀಟರಿನ ನೆತ್ತಿಯಿಂದ ಪಶ್ಚಿಮಕ್ಕೆ ಘಟ್ಟ ಕಡಿದಾಗಿ ಕರಾವಳಿಗೆ ಇಳಿಯುತ್ತದೆ, ತಿಳಿಯಾದ ದಿನ ಅಂಚಿನಾಚೆ ಸಮುದ್ರದ ಗೆರೆಯೂ ಕಾಣುತ್ತದೆ. ಆದರೆ ಮಧ್ಯಾಹ್ನ ಒಂದು ಗಂಟೆಯಾಗಿದ್ದರೆ, ಶಿಖರ ಇನ್ನೂ ಎಷ್ಟೇ ಹತ್ತಿರವಿದ್ದರೂ, ಹಿಂದಿರುಗಬೇಕು.

ಈ ದಾರಿಗೆ ಟಿಕೆಟ್ ಸಿಗದಿದ್ದರೆ ಸಂಸೆಯ ಕಡೆಯಿಂದಲೇ ಹತ್ತುವ ನೇತ್ರಾವತಿ ಶಿಖರಕ್ಕೆ ಪ್ರಯತ್ನಿಸಿ. ದೂರ ಕಡಿಮೆ, ನೋಟ ಕಡಿಮೆಯೇನಲ್ಲ.

ಲಕ್ಯಾ ಜಲಾಶಯ

ಕುದುರೆಮುಖ ಪಟ್ಟಣದ ಖಾಲಿ ಮನೆಗಳನ್ನು ನೋಡಿದವರಿಗೆ ಅದರ ಕಥೆ ತಿಳಿದಿರಬೇಕು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಅದಿರು ತೆಗೆದು, ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಮಂಗಳೂರಿಗೆ ಹರಿಸುತ್ತಿತ್ತು. ಪರಿಸರ ಹೋರಾಟದ ನಂತರ ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ತೆಗೆದ ಮೇಲೆ ಉಳಿದ ಹೂಳನ್ನು ತಡೆಯಲೆಂದು ಭದ್ರೆಯ ಉಪನದಿ ಲಕ್ಯಾಕ್ಕೆ ಕಟ್ಟಿದ ಕಟ್ಟೆಯ ಹಿಂದಿನ ನೀರೇ ಇಂದು ಸುತ್ತಲಿನ ಹಸಿರು ಗುಡ್ಡಗಳನ್ನು ಪ್ರತಿಫಲಿಸುತ್ತದೆ. ಇಷ್ಟು ಚೆಲುವಾದ ನೀರು ಗಣಿಯ ಕಸದ ಮೇಲೆ ನಿಂತಿದೆ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಸಂಗತಿ ಅದೇ. ಕಟ್ಟೆಯ ಬಳಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಅನುಮತಿ ಸಿಕ್ಕರೂ ನೀರಿಗೆ ಇಳಿಯುವ ಯೋಚನೆ ಬೇಡ. ಮೆತ್ತನೆಯ ಹೂಳಿನಲ್ಲಿ ಕಾಲು ಹೂತರೆ ಈಜು ಬಲ್ಲವರೂ ಮೇಲೇಳಲಾರರು.

ನಾಲ್ಕನೇ ದಿನ: ಭದ್ರೆಯ ಜೊತೆಗೆ

ಕಳಸದಲ್ಲಿ ಕಳಸೇಶ್ವರನ ದರ್ಶನ ಮುಗಿಸಿ ಬಾಳೆಹೊಳೆ, ಮಾಗುಂಡಿ, ಬಾಳೆಹೊನ್ನೂರಿನ ಕಡೆಗೆ ಹೊರಟರೆ ಕಾಫಿ ತೋಟಗಳ ಸಂದಿನಲ್ಲಿ ಭದ್ರೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾಳೆ. ನರಸಿಂಹರಾಜಪುರದ ಬಳಿ ನದಿ ಅಗಲವಾಗಿ ಹಿನ್ನೀರಾಗುತ್ತದೆ, ಅದನ್ನು ತಡೆದು ನಿಲ್ಲಿಸಿದ ಅಣೆಕಟ್ಟು ಲಕ್ಕವಳ್ಳಿಯಲ್ಲಿದೆ. ಜಲಾಶಯದ ಒಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು ನೀರಿಗಿಳಿದು ನಿಂತಿದೆ. ಬೇಸಿಗೆಯ ಹೊತ್ತಿಗೆ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರೀವ (ರಿವರ್ ಟರ್ನ್) ಹಕ್ಕಿಗಳು ಅಲ್ಲಿ ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ, ಆದ್ದರಿಂದ ಚಾರಣದ ಕಾಲಕ್ಕೂ ಈ ಹಕ್ಕಿಗಳ ಕಾಲಕ್ಕೂ ಹೊಂದುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿಯೇ ಬರಬೇಕು. ದೋಣಿ ವಿಹಾರ ಬೇಕಾದವರು ಅರಣ್ಯ ಇಲಾಖೆಯ ಅಥವಾ ಜಂಗಲ್ ಲಾಡ್ಜಸ್‌ನ ವ್ಯವಸ್ಥೆಯನ್ನು ಮೊದಲೇ ವಿಚಾರಿಸಿಕೊಳ್ಳಿ, ಮೀನುಗಾರರ ತೆಪ್ಪ ಹತ್ತಬೇಡಿ. ನೀರಿಳಿದ ಅಂಚಿನ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವುದರಿಂದ ವಾಹನವನ್ನು ಗಟ್ಟಿ ನೆಲದ ಮೇಲೆಯೇ ನಿಲ್ಲಿಸಿ. ಲಕ್ಕವಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು ಒಂದು ಗಂಟೆಯ ದಾರಿ. ನಾಲ್ಕು ದಿನದ ದಣಿವಿರುವ ಚಾಲಕರು ಅದನ್ನು ಕತ್ತಲಾಗುವ ಮೊದಲೇ ಮುಗಿಸುವಂತೆ ಹೊತ್ತನ್ನು ಹೊಂದಿಸಿಕೊಳ್ಳಿ.